ಕೆಂಪು ಯೀಸ್ಟಿನ ಬ್ಯಾರಿಯವರು

ಹೋದ ಶುಕ್ರವಾರ ಕುವೈತಿನ ಫರ್ವಾನಿಯಾದಲ್ಲಿ, ಒಂದು ಹೋಟೆಲಿನ ಮೇಲಿನ ಹಾಲ್‌ನಲ್ಲಿ, ನಮ್ಮ ಊರಿನವರ ಸಂಘ ಬ್ಯಾರಿಯವರಿಗೆ ಸಂತಾಪ ಸಭೆ ಮಾಡಿತು. ನಾಲ್ಕು ಮಂದಿ ಮಾತಾಡಿದರು. ನಾಲ್ವರೂ ಹೇಳಿದ್ದು ಒಂದೇ: ಶಾಂತ ಸ್ವಭಾವ, ಗಟ್ಟಿಯಾಗಿ ಒಂದು ಮಾತಾಡಿದವರಲ್ಲ. ಇವರಲ್ಲಿ ಒಬ್ಬನೂ ಅವರ ಜೊತೆ ಒಂದು ದಿನ ಕೆಲಸ ಮಾಡಿದವನಲ್ಲ ಎಂದು ನನಗೆ ಅಲ್ಲಿಗೇ ಗೊತ್ತಾಯಿತು. ಐದನೆಯವರು ಮಾತ್ರ ಮಾಡಿದವರು. ನಮ್ಮ ಲ್ಯಾಬಿನ ದೊಡ್ಡ ಡಾಕ್ಟ್ರು. ಅವರು ಮೈಕ್ ಹಿಡಿದು, ಕನ್ನಡಕ ತೆಗೆದು ಒರೆಸಿ, “ಶುಐಬಾದಲ್ಲಿ ಅವರ ಕೈಯಿಂದ ಒಂದು ತಪ್ಪಾಯಿತು, ನಿಜ. ಮನುಷ್ಯ ಎಂದ ಮೇಲೆ ತಪ್ಪು ಆಗುವುದೇ. ಇವತ್ತು ನಾವು ಅದನ್ನು ಮರೆಯೋಣ” ಅಂದರು. ಜನ ತಲೆಯಾಡಿಸಿದರು. ಆಮೇಲೆ ಎಲ್ಲರೂ ಬಿರಿಯಾನಿಗೆ ಎದ್ದರು.

ಆ ತಪ್ಪು ಅವರದ್ದಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಂಘದ ಸಂಚಿಕೆಗೆ ಎರಡು ಮಾತು ಬರೆದುಕೊಡಿ ಎಂದು ಕಾರ್ಯದರ್ಶಿ ಕೇಳಿದ್ದರು. ನಾನು ಓದಿದ್ದು ಐದನೇ ಕ್ಲಾಸು. ಎರಡು ಮಾತಿನಲ್ಲಿ ಮುಗಿಸುವ ಜಾಣತನ ನನಗಿಲ್ಲ.

ಮೊದಲು ಸ್ವಭಾವದ ವಿಷಯ. ಅವರು ಸಿಡುಕರು. ಸಲ್ವಾದ ಮನೆಗೆಲಸ ಬಿಟ್ಟು ನಾನು ಶುಐಬಾದ ಆ ಕಂಪನಿಗೆ ಗಾಜಿನ ಪಾತ್ರೆ ತೊಳೆಯಲು ಸೇರಿದ ಮೊದಲನೇ ವಾರವೇ ಒಂದು ಫ್ಲಾಸ್ಕ್ ಹಿಡಿದು ತೊಳೆಯುವ ಕೋಣೆಗೆ ಬಂದರು. ಕುಳ್ಳ ಮನುಷ್ಯ, ಅರ್ಧ ನರೆತ ಗಡ್ಡ, ತೋಳು ಮಡಚಿದ ಬಿಳಿ ಕೋಟು. ಊರಿನ ಹಾಗೆ ಇಲ್ಲೂ ಅವರು ಮುಸ್ಲಿಮರೆಂದು ಬ್ಯಾರಿಯವರು, ನಾನು ಕ್ರಿಶ್ಚಿಯನ್ ಹೆಂಗಸೆಂದು ಬಾಯಮ್ಮ.

“ಎಂತ ಬಾಯಮ್ಮ ಇದು? ಸೋಪು ಹೋಗ್ಲಿಲ್ಲ. ಮೂಸಿ ನೋಡಿ.”

ಮೂಸಿದೆ. ಎಂತದೂ ಇಲ್ಲ. “ಮೂರು ಸಲ ತೊಳ್ದಿದ್ದೇನೆ ಬ್ಯಾರಿಯವರೇ. ನಿಮ್ಮ ಮೂಗಿಗೆ ಎಂತಾದ್ರೂ ಹೊಕ್ಕಿದೆಯಾ ನೋಡಿ.”

“ನಾಲ್ಕನೇ ಸಲ ತೊಳೀರಿ. ನಿಮ್ಮ ಸೋಪಿನಲ್ಲಿ ನನ್ನ ಮಕ್ಕಳು ಸಾಯ್ತಾರೆ.”

ಮಕ್ಕಳು ಎಂದರೆ ಯೀಸ್ಟ್. ನಾವು ಹಬ್ಬಕ್ಕೆ ‘ಸಣ್ಣ’ ಎಂಬ ಉಬ್ಬಿದ ಇಡ್ಲಿ ಮಾಡುವಾಗ ಅಕ್ಕಿಹಿಟ್ಟಿಗೆ ಹಾಕುತ್ತೇವಲ್ಲ, ಕುವೈತಿನಲ್ಲಿ ಕಳ್ಳು ಎಲ್ಲಿಂದ ಬರಬೇಕು, ಹಾಗಾಗಿ ಪ್ಯಾಕೆಟಿನದು, ಅದರದೇ ಬೇರೊಂದು ಜಾತಿ. ಅದಕ್ಕೆ ಖರ್ಜೂರದ ಪಾಕ ತೆಗೆದ ಮೇಲೆ ಉಳಿದ ಸಿಹಿನೀರು ಹಾಕಿದರೆ ತನ್ನ ಮೈಯೊಳಗೆ ಎಣ್ಣೆ ತುಂಬಿಸಿಕೊಳ್ಳುತ್ತದೆ. ಆ ಎಣ್ಣೆ ತೆಗೆದು ಕ್ರೀಮು ಮಾಡುವವರಿಗೆ ಕೊಡುವುದು ಕಂಪನಿಯ ಆಸೆ. ಪೆಟ್ರೋಲು ಚೆಲ್ಲಾಡುವ ದೇಶದಲ್ಲಿ ಯೀಸ್ಟಿನಿಂದ ಎಣ್ಣೆ ಹಿಂಡುವುದು ನನಗೆ ಮೊದಲು ಹುಚ್ಚು ಅನಿಸಿತ್ತು. ಅವರಿಗೆ ಹೇಳಿದೆ ಕೂಡ. ನಗಲಿಲ್ಲ. ಕೂತು ವಿವರಿಸಿದರು. ಅದೊಂದು ಗುಣ. ಬೈಯುವಾಗ ನಾನು ಅವರಿಗೆ ಆಳು, ಹೇಳಿಕೊಡುವಾಗ ಆಳಲ್ಲ.

“ನೋಡಿ ಬಾಯಮ್ಮ, ಸಕ್ಕರೆ ಕೊಡ್ಬೇಕು, ಗೊಬ್ಬರ ನಿಲ್ಲಿಸ್ಬೇಕು. ಗೊಬ್ಬರ ಇಲ್ಲದಿದ್ರೆ ಮರಿ ಹಾಕುವುದು ನಿಲ್ತದೆ. ಮರಿ ಹಾಕುವುದು ನಿಂತ ಮೇಲೆ ತಿಂದದ್ದೆಲ್ಲ ಕೊಬ್ಬಾಗ್ತದೆ.”

“ನನ್ನ ಹಾಗೆ,” ಅಂದೆ.

ಆಗ ಮಾತ್ರ ನಕ್ಕರು. ಕೆಮ್ಮು ಬರುವಷ್ಟು.

ಅವರ ಮೂಗಿನ ಮೂಲ ಆಮೇಲೆ ಗೊತ್ತಾಯಿತು. ಅವರ ತಂದೆಯದು ಒಣಮೀನಿನ ವ್ಯಾಪಾರ. ಸಣ್ಣವರಿರುವಾಗಲೇ ಗೋಣಿಚೀಲದ ಬಾಯಿ ಬಿಚ್ಚಿ, ಮೂಸಿ, ಯಾವುದು ಈ ವಾರ ಮಾರಬೇಕಾದದ್ದು, ಯಾವುದು ಇನ್ನೂ ತಡೆಯುತ್ತದೆ ಎಂದು ಹೇಳುವ ಕೆಲಸ. ಕೊಬ್ಬಿನ ಮೀನು ಹಳತಾದರೆ ಹೊಟ್ಟೆಯ ಹತ್ತಿರ ಹಳದಿ ತಿರುಗಿ ಗಂಟಲು ಹಿಡಿಯುವ ಕಮಟು ಬರುತ್ತದೆ. ಆ ಕಮಟು ಬರುವ ಎರಡು ದಿನ ಮೊದಲೇ ಅವರ ಮೂಗಿಗೆ ತಿಳಿಯುತ್ತಿತ್ತಂತೆ. ಬಿ.ಎಸ್ಸಿ. ಮಾಡಿದ್ದು ಆಮೇಲೆ. ಟ್ಯಾಂಕಿನಿಂದ ಸ್ಯಾಂಪಲ್ ತೆಗೆದರೆ ಮಶಿನಿಗೆ ಹಾಕುವ ಮೊದಲು ಮೂಗಿಗೆ ಹಿಡಿಯುತ್ತಿದ್ದರು. ಅದಕ್ಕಾಗಿಯೇ ಅತ್ತರು ಹಚ್ಚುತ್ತಿರಲಿಲ್ಲ. ಈ ದೇಶದಲ್ಲಿ ಅತ್ತರು ಹಚ್ಚದ ಬ್ಯಾರಿಯವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ದೊಡ್ಡ ಡಾಕ್ಟ್ರ ಕೋಣೆಯಲ್ಲಿ ಯಾವಾಗಲೂ ಊದಿನ ಹೊಗೆ. ಹಾಗಾಗಿ ಒಳಗೆ ಹೋಗುತ್ತಿರಲಿಲ್ಲ, ಬಾಗಿಲಲ್ಲಿ ನಿಂತೇ ಮಾತಾಡುತ್ತಿದ್ದರು. ಡಾಕ್ಟ್ರು ಅದನ್ನು ಅಹಂಕಾರ ಎಂದುಕೊಂಡರು.

ದೊಡ್ಡ ಡಾಕ್ಟ್ರು ಎಂದರೆ ಕಾಯಿಲೆಯ ಡಾಕ್ಟ್ರಲ್ಲ. ಇದು ಗೊತ್ತಿಲ್ಲದೆ ನಾನು ಒಮ್ಮೆ ನನ್ನ ಮೊಣಕಾಲು ತೋರಿಸಲು ಹೊರಟಿದ್ದೆ. ಬ್ಯಾರಿಯವರು ದಾರಿಯಲ್ಲೇ ತಡೆದರು. “ಬೇಡ ಮಾರಾಯ್ತಿ. ಅವರು ಪುಸ್ತಕಕ್ಕೆ ಡಾಕ್ಟ್ರು. ಮೊಣಕಾಲಿಗೂ ಅಲ್ಲ, ಯೀಸ್ಟಿಗೂ ಅಲ್ಲ.” ಅದನ್ನು ಅವರು ಮೆಲ್ಲಗೆ ಹೇಳಲಿಲ್ಲ. ಡಾಕ್ಟ್ರ ಬಾಗಿಲು ತೆರೆದೇ ಇತ್ತು. ಶಾಂತ ಸ್ವಭಾವವಂತೆ!

ಈಗ ಕೆಂಪಿನ ವಿಷಯ. ಇದು ಅರ್ಥವಾಗದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ಎಣ್ಣೆ ಮಾಡಲು ಯೀಸ್ಟಿಗೆ ಗಾಳಿ ಬೇಕು. ದೊಡ್ಡ ಟ್ಯಾಂಕಿನಲ್ಲಿ ಅಡಿಯಿಂದ ಗಾಳಿ ಊದಿ, ನಡುವೆ ರೆಕ್ಕೆ ತಿರುಗಿಸಿ ಕಡೆಯುತ್ತಾರೆ. ಆದರೆ ಗಾಳಿ ಅತಿಯಾದರೆ ಅದೇ ಗಾಳಿ ಯೀಸ್ಟಿನ ಒಳಗೆ ವಿಷದ ಹಾಗೆ ಆಗಿ, ಮೈಯನ್ನೂ ತಿನ್ನುತ್ತದೆ, ತುಂಬಿಸಿಟ್ಟ ಎಣ್ಣೆಯನ್ನೂ ಕೆಡಿಸುತ್ತದೆ. ಶುಐಬಾದಲ್ಲಿ ಸಮುದ್ರದ ಗಾಳಿಗೆ ಕಬ್ಬಿಣದ ಮೆಟ್ಟಿಲು ಬಣ್ಣ ಬಳಿದ ಮೂರೇ ತಿಂಗಳಿಗೆ ಹಪ್ಪಳದ ಹಾಗೆ ಏಳುವುದನ್ನು ತೋರಿಸಿ, “ಇದೇ ಬಾಯಮ್ಮ. ಗಾಳಿ ಇಲ್ಲದಿದ್ರೆ ಉಸಿರು ಕಟ್ಟಿ ಸಾಯ್ತದೆ, ಹೆಚ್ಚಾದ್ರೆ ಒಳಗಿಂದ ತುಕ್ಕು ಹಿಡೀತದೆ,” ಅನ್ನುತ್ತಿದ್ದರು.

ಅವರ ಯೀಸ್ಟ್ ಕೆಂಪು. ಗಜ್ಜರಿಯ ಬಣ್ಣ. ಆ ಬಣ್ಣವೇ ಅದರ ರಕ್ಷೆ, ಆ ವಿಷವನ್ನು ಬಣ್ಣ ನುಂಗಿಕೊಳ್ಳುತ್ತದೆ ಎಂದು ಅವರೇ ಹೇಳಿದ್ದು. ಅದು ಸಾಲದೆಂದು ಅದಕ್ಕೆ ಪಾಠ ಮಾಡಿದರು. ಗಾಯಕ್ಕೆ ಹಾಕಿದರೆ ಬುಸುಬುಸು ನೊರೆ ಬರುವ ಪೆರಾಕ್ಸೈಡ್ ಉಂಟಲ್ಲ, ಅದನ್ನು ಮೊದಲು ಒಂದು ಹನಿಯ ಹತ್ತನೇ ಪಾಲು ಹಾಕುವುದು. ಬದುಕಿದ್ದನ್ನು ಆರಿಸುವುದು. ಅದಕ್ಕೆ ಸ್ವಲ್ಪ ಹೆಚ್ಚು. ಮತ್ತೆ ಬದುಕಿದ್ದನ್ನು ಆರಿಸುವುದು. ಹೀಗೆ ಮೂರು ವರ್ಷ. ಮೂರು ವರ್ಷ ಒಬ್ಬ ಮನುಷ್ಯ ದಿನಾ ಬಂದು ಇದನ್ನೇ ಮಾಡಿದರು.

“ಯಾಕೆ ಪಾಪ ಅದಕ್ಕೆ ಹಿಂಸೆ ಕೊಡ್ತೀರಿ?” ಎಂದು ಕೇಳಿದ್ದೆ.

“ಊರಿಂದ ಒಬ್ಬ ಹೊಸಬ ಜೂನ್‌ನಲ್ಲಿ ಬಂದು ಇಲ್ಲಿ ಬಿಸಿಲಿಗೆ ನಿಂತ್ರೆ ಎಂತ ಆಗ್ತದೆ?”

“ಬೀಳ್ತಾನೆ.”

“ಜನವರಿಯಲ್ಲಿ ಬಂದವ?”

“ಜೂನ್ ಆಗುವಾಗ ಅಭ್ಯಾಸ ಆಗಿರ್ತದೆ. ನಿಲ್ತಾನೆ.”

“ಇದು ಜನವರಿಯಲ್ಲಿ ಬಂದದ್ದು,” ಎಂದು ಯೀಸ್ಟ್ ಬೆಳೆಸುವ ಪ್ಲೇಟು ಎತ್ತಿ ತೋರಿಸಿದರು.

ಪ್ರತಿ ಸಲ ಆರಿಸಿದ್ದನ್ನು ಸಣ್ಣ ಟ್ಯೂಬುಗಳಿಗೆ ತುಂಬಿಸಿ ತಣ್ಣನೆಯ ಫ್ರೀಜರಿನಲ್ಲಿ ಇಡುತ್ತಿದ್ದರು. ಟ್ಯೂಬಿನ ಮೇಲೆ ಕನ್ನಡ ಅಂಕಿ ಬರೆಯುತ್ತಿದ್ದರು, ಬೇರೆಯವರು ಗಲಿಬಿಲಿ ಮಾಡದಿರಲಿ ಎಂದು. ಬೇರೆಯವರೆಂದರೆ ಮಲಯಾಳಿ ಇಬ್ಬರು, ಈಜಿಪ್ಟಿನವ ಒಬ್ಬ. ದೊಡ್ಡ ಡಾಕ್ಟ್ರು ನಮ್ಮೂರಿನವರೇ ಆದರೂ ಇಂಗ್ಲಿಷಿನಲ್ಲೇ ಓದಿದವರು, ಕನ್ನಡ ಅಂಕಿ ಬಾರದು. ಇಡೀ ಲ್ಯಾಬಿನಲ್ಲಿ ಅವರನ್ನು ಬಿಟ್ಟರೆ ಆ ಅಂಕಿ ಓದಬಲ್ಲವಳು ನಾನೊಬ್ಬಳೇ.

ನನಗೆ ಓದು ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಊರಿನಿಂದ ಯಾರಾದರೂ ಬರುವಾಗ ಪಾರ್ಸೆಲಿಗೆ ಸುತ್ತಿ ತಂದ ಹಳೆಯ ಪೇಪರನ್ನು ಅವರು ಎಸೆಯುತ್ತಿರಲಿಲ್ಲ. ಮಡಚಿ ತರುತ್ತಿದ್ದರು. ಹತ್ತು ಗಂಟೆಯ ಚಾಯಕ್ಕೆ ತೊಳೆಯುವ ಕೋಣೆಯ ಬೆಂಚಿನಲ್ಲಿ ಕೂತು, “ಓದಿ ಬಾಯಮ್ಮ, ನನ್ನ ಕಣ್ಣಿಗೆ ಈ ಸಣ್ಣಕ್ಷರ ಆಗುವುದಿಲ್ಲ” ಅನ್ನುತ್ತಿದ್ದರು. ನಾನು ಓದುತ್ತಿದ್ದೆ. ಅರ್ಧ ಹರಿದ ಸುದ್ದಿ, ಎಣ್ಣೆಯ ಕಲೆ. ಉಳಿದರ್ಧವನ್ನು ಅವರೇ ಕಟ್ಟಿ ಹೇಳುತ್ತಿದ್ದರು. ಒಮ್ಮೆ ಮೊದಲ ಸಾಲು ಮಾತ್ರ ಉಳಿದಿದ್ದ ಒಂದು ಕಳ್ಳತನದ ಸುದ್ದಿಗೆ ಕಳ್ಳನ ಅತ್ತೆಯನ್ನೂ ಸೇರಿಸಿ ಅರ್ಧ ಗಂಟೆ ಹೇಳಿದರು. ಕೊನೆಗೆ ಅತ್ತೆಗೇ ಶಿಕ್ಷೆ.

ಒಂದು ದಿನ ಪ್ಲೇಟಿನ ಕೆಂಪಿನ ನಡುವೆ ಬಿಳಿಯದು ಒಂದು ಹುಟ್ಟಿತು. ತಾನಾಗಿಯೇ ಹುಟ್ಟಿದ್ದು. ಬ್ಯಾರಿಯವರು ಅದನ್ನು ಬದಿಗೆ ಇಟ್ಟರು. ದೊಡ್ಡ ಡಾಕ್ಟ್ರು ಅದನ್ನು ನೋಡಿ ಮದುಮಗಳನ್ನು ನೋಡಿದ ಹಾಗೆ ಮಾಡಿದರು. ಕ್ರೀಮು ಮಾಡುವವರಿಗೆ ಕೆಂಪೆಣ್ಣೆ ಬೇಡ, ಬಿಳಿ ಬೇಕು. ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಣ್ಣ ಬಾಟಲಿಯಲ್ಲಿ ಬೆಳೆಸಿ ನೋಡಿದಾಗ ಬಿಳಿಯದೇ ಗೆದ್ದಿತು. ಬಣ್ಣ ಮಾಡಲು ಹೋಗುವ ಸಕ್ಕರೆಯೂ ಎಣ್ಣೆಗೇ ಹೋಯಿತು. ಡಾಕ್ಟ್ರು ಆ ಲೆಕ್ಕದ ಕಾಗದ ತಂದು ಬ್ಯಾರಿಯವರ ಮುಖದ ಮುಂದೆ ಹಿಡಿದರು.

“ಬಾಟಲಿಯಲ್ಲಿ ಅದು ನೆರಳಿನಲ್ಲಿ ಕೂತಿದೆ ಸರ್. ಟ್ಯಾಂಕಿಗೆ ಹಾಕಿದ್ರೆ ಬಿಸಿಲು. ಮೈಮೇಲೆ ಬಟ್ಟೆ ಇಲ್ಲ ಅದಕ್ಕೆ.”

“ನಿಮ್ಮ ಮೀನು ಮಾರ್ಕೆಟಿನ ಲೆಕ್ಕಾಚಾರ ಇಲ್ಲಿ ಬೇಡ. ಡೇಟಾ ನೋಡಿ.”

“ಡೇಟಾ ಬಾಟಲಿಯದ್ದು. ಹಾಕುವುದು ಟ್ಯಾಂಕಿಗೆ. ನಿಮಗೆ ಅಷ್ಟೂ ಗೊತ್ತಾಗುವುದಿಲ್ಲವಾ?”

ಎಲ್ಲರ ಎದುರು ಹೇಳಿದರು. ಹೇಳಬಾರದಿತ್ತು. ಸರಿ ಹೇಳುವವರಿಗೆ ಹೇಗೆ ಹೇಳಬೇಕೆಂದೂ ಗೊತ್ತಿರಬೇಕು. ಅವರಿಗೆ ಗೊತ್ತಿರಲಿಲ್ಲ. ಆ ಸಿಟ್ಟು ನನಗೆ ಅವರ ಮೇಲೆ ಈಗಲೂ ಉಂಟು.

ಅದಾದ ಹದಿನೈದು ದಿನಕ್ಕೆ ಮಗಳ ನಿಕಾಹ್ ಎಂದು ಮೂರು ವಾರ ರಜೆ ಹಾಕಿ ಊರಿಗೆ ಹೊರಟರು. ಹೊರಡುವ ದಿನ ತೊಳೆಯುವ ಕೋಣೆಗೆ ಬಂದರು. “ಬಾಯಮ್ಮ, ಯಾರು ಎಂತ ಹೇಳಿದ್ರೂ ಕೆಂಪನ್ನು ಕುಕ್ಕರಿಗೆ ಹಾಕ್ಬೇಡಿ. ನಾನು ಬರುವವರೆಗೆ ಕಾಯಿರಿ.” ಕುಕ್ಕರ್ ಎಂದರೆ ಆಟೋಕ್ಲೇವ್, ಎಸೆಯುವುದನ್ನೆಲ್ಲ ಮೊದಲು ಹಬೆಯಲ್ಲಿ ಬೇಯಿಸಿ ಕೊಲ್ಲುವ ದೊಡ್ಡ ಡ್ರಮ್ಮು. ಅದು ನನ್ನ ಕೈಯಲ್ಲಿತ್ತು.

“ಮದುವೆಗೆ ಹೋಗಿ, ಬಿರಿಯಾನಿ ಬೇಯಿಸಿ. ಇದೆಲ್ಲ ನಾನು ನೋಡಿಕೊಳ್ತೇನೆ,” ಅಂದೆ.

ಎಂಟನೇ ದಿನ ದೊಡ್ಡ ಡಾಕ್ಟ್ರು ಸ್ವತಃ ಬಂದರು. ಜೀವಮಾನದಲ್ಲಿ ತೊಳೆಯುವ ಕೋಣೆಗೆ ಕಾಲಿಟ್ಟವರಲ್ಲ. ಒಂದು ಡಬ್ಬಿ ಟ್ಯೂಬು, ಒಂದು ಟ್ರೇ ಕೆಂಪು ಪ್ಲೇಟು. “ಫ್ರೀಜರಿನಲ್ಲಿ ಜಾಗ ಬೇಕು. ಇದೆಲ್ಲ ಹಳೆಯದು. ಯಲ್ಲಾ, ಹಾಕಿಬಿಡಿ.” ಡಬ್ಬಿ ತೆರೆದು ನೋಡಿದೆ. ೧ರಿಂದ ಹಿಡಿದು ಎಲ್ಲವೂ ಸಾಲಾಗಿ ಇತ್ತು. “ಬ್ಯಾರಿಯವರು ಬರಲಿ ಸರ್,” ಅಂದೆ. “ಲ್ಯಾಬ್ ನಡೆಸುವುದು ಯಾರು?” ಅಂದರು. ಎಲ್ಲವನ್ನೂ ಒಳಗೆ ಇಟ್ಟೆ. ಕುಕ್ಕರಿನ ಮುಚ್ಚಳ ಬಿಗಿದೆ. ಮುಕ್ಕಾಲು ಗಂಟೆ. ಖಲಾಸ್.

ಬ್ಯಾರಿಯವರು ರಜೆ ಮುಗಿಸಿ ಬರುವಾಗ ಟ್ಯಾಂಕಿಗೆ ಬಿಳಿಯದರ ಹೆಪ್ಪು ಹಾಕಿ ಎರಡನೇ ದಿನ. ಕಂಪನಿಯ ದೊಡ್ಡ ಜನ ನೋಡಲು ಬರುವವರಿದ್ದರು. ಹಾಗಾಗಿ ಬೇಗ ಬೆಳೆಯಲೆಂದು ಗಾಳಿ ಪೂರ್ತಿ ಬಿಟ್ಟಿದ್ದರು, ರೆಕ್ಕೆ ಜೋರು ತಿರುಗುತ್ತಿತ್ತು. ಬ್ಯಾರಿಯವರು ಬ್ಯಾಗು ಕೆಳಗಿಡದೆ ಸ್ಯಾಂಪಲ್ ತೆಗೆದು ಮೂಗಿಗೆ ಹಿಡಿದರು. ನಾನು ನೋಡುತ್ತಾ ಇದ್ದೆ. ಮುಖ ಒಮ್ಮೆಲೇ ಮುದುಕರ ಮುಖದ ಹಾಗಾಯಿತು. ಡಾಕ್ಟ್ರ ಬಾಗಿಲಿಗೆ ಓಡಿದರು.

“ಸರ್, ಗಾಳಿ ಕಮ್ಮಿ ಮಾಡಿ. ರೆಕ್ಕೆ ನಿಧಾನ ಮಾಡಿ. ಕಮಟು ಶುರುವಾಗಿದೆ.”

“ಮೀಟರ್ ನೋಡಿ. ಆಕ್ಸಿಜನ್ ಚೆನ್ನಾಗುಂಟು.”

“ಅದೇ ಸರ್ ತೊಂದರೆ! ಚೆನ್ನಾಗಿರುವುದೇ ತೊಂದರೆ!”

ಬ್ಯಾರಿಯವರು ತಾವೇ ಹೋಗಿ ಗಾಳಿಯನ್ನು ಕಮ್ಮಿ ಮಾಡಿದರು. ಡಾಕ್ಟ್ರು ಬಂದು ಮತ್ತೆ ಹೆಚ್ಚಿಸಿದರು. ವಿಟಮಿನ್ ಸಿ ಪುಡಿಯನ್ನಾದರೂ ಹಾಕುತ್ತೇನೆ, ಕೊಯ್ದ ಸೇಬಿಗೆ ಲಿಂಬೆ ಹಿಂಡಿದ ಹಾಗೆ ಸ್ವಲ್ಪ ತಡೆಯುತ್ತದೆ ಅಂದರು ಬ್ಯಾರಿಯವರು. ಡಾಕ್ಟ್ರು ಬೇಡ ಅಂದರು. ಮರುದಿನ ಹನ್ನೊಂದು ಗಂಟೆಗೆ, ಕೋಟು ಟೈ ಹಾಕಿದ ದೊಡ್ಡ ಜನ ಸುತ್ತ ನಿಂತಿರುವಾಗ, ಟ್ಯಾಂಕಿನ ಮೇಲಿನಿಂದ ನೊರೆ ಉಕ್ಕಿತು. ಯೀಸ್ಟ್ ಸತ್ತು ಒಡೆದು ಬಂದ ನೊರೆ. ಆ ವಾಸನೆಗೆ ಬ್ಯಾರಿಯವರ ಮೂಗು ಬೇಕಿರಲಿಲ್ಲ. ಹಳೇ ಬಾಂಡಲೆಯ ಎಣ್ಣೆಯಲ್ಲಿ ಬಣ್ಣದ ಡಬ್ಬಿ ಚೆಲ್ಲಿದ ಹಾಗೆ. ಅದನ್ನು ತೊಳೆದದ್ದು ನಾನು. ಎರಡು ದಿನ ತೊಳೆದೆ.

ಕೆಂಪನ್ನಾದರೂ ತಂದು ಇನ್ನೊಮ್ಮೆ ಶುರು ಮಾಡುವ ಎಂದು ಬ್ಯಾರಿಯವರು ಫ್ರೀಜರ್ ತೆರೆದರು. ಆಮೇಲೆ ನನ್ನ ಹತ್ತಿರ ಬಂದರು. ನಾನೇ ಹೇಳಿದೆ. “ಡಾಕ್ಟ್ರು ಹಾಕ್ಲಿಕ್ಕೆ ಹೇಳಿದ್ರು. ಹಾಕಿದೆ.” ಅವರು ಬೆಂಚಿನಲ್ಲಿ ಕೂತರು. ಬೈಯಲಿಲ್ಲ. ಬೈಯದಿದ್ದದ್ದು ಅದೊಂದೇ ಸಲ. “ಕೇಳಿದ್ರೆ ಹೇಳ್ತೀರಲ್ಲ ಬಾಯಮ್ಮ, ಹೀಗೆ ಆಯ್ತು ಅಂತ?” ಅಂದರು. “ಹೇಳದೆ ಎಂತ?” ಅಂದೆ.

ಕೇಳಿದರು. ಅದೇ ವಾರ ಕಂಪನಿಯಿಂದ ಇಬ್ಬರು ಬಂದು ವಿಚಾರಣೆ ಮಾಡಿದರು. ಒಂದು ಕಡೆ ದೊಡ್ಡ ಡಾಕ್ಟ್ರು, ಇನ್ನೊಂದು ಕಡೆ ಬ್ಯಾರಿಯವರು, ನಡುವೆ ನಾನು. ಡಾಕ್ಟ್ರು ಹೇಳಿದ್ದು ಇಷ್ಟು: ಕೆಂಪು ತಳಿಯನ್ನು ರಜೆಗೆ ಹೋಗುವ ಮೊದಲು ಎಸೆಯಲು ಹೇಳಿದ್ದು ಟೆಕ್ನಿಷಿಯನ್ನೇ, ಅಂದರೆ ಬ್ಯಾರಿಯವರೇ, ಬಿಳಿಯದನ್ನು ತಯಾರು ಮಾಡಿಟ್ಟು ಹೋದದ್ದೂ ಅವರೇ. ಬ್ಯಾರಿಯವರು ಹೇಳಿದರು: ಸುಳ್ಳು, ಟ್ಯೂಬಿನ ಮೇಲೆ ನನ್ನ ಅಂಕಿ ಇತ್ತು, ಈ ಹೆಂಗಸಿಗೆ ಗೊತ್ತುಂಟು, ಕೇಳಿ.

ಆಗ ನನ್ನ ಇಕಾಮಾ, ಈ ದೇಶದಲ್ಲಿ ಇರುವ ಪರವಾನಗಿ, ಮುಗಿಯಲು ಇಪ್ಪತ್ತು ದಿನವಿತ್ತು. ಅದನ್ನು ಮುಂದುವರಿಸುವ ಕಾಗದ ದೊಡ್ಡ ಡಾಕ್ಟ್ರ ಮೇಜಿನ ಮೇಲಿತ್ತು. ಅದಕ್ಕೆ ಸಹಿ ಬೀಳದಿದ್ದರೆ ಊರಿಗೆ ವಿಮಾನ. ನನ್ನ ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್, ಎಂಟು ತಿಂಗಳ ಬಸುರಿ. ಇದು ಕಾರಣ. ನೆಪ ಎಂದರೂ ಸರಿ.

ಬಂದವರು ಹಿಂದಿಯಲ್ಲಿ ಕೇಳಿದರು, “ನೀವು ಕುಕ್ಕರಿಗೆ ಹಾಕಿದ ಟ್ಯೂಬುಗಳ ಮೇಲೆ ಎಂತ ಬರೆದಿತ್ತು? ಹಾಕಲು ಯಾರು ಹೇಳಿದರು?”

ನಾನು ಹೇಳಿದೆ, “ನನಗೆ ಓದಲು ಬರುವುದಿಲ್ಲ ಸಾಬ್. ದಿನಾ ಎಷ್ಟೋ ಹಾಕುತ್ತೇನೆ. ಯಾರು ಹೇಳಿದ್ದೋ ನೆನಪಿಲ್ಲ.”

ಅವರು ಬರೆದುಕೊಂಡರು. ಓದಲು ಬಾರದ ಮುದುಕಿಯ ಹತ್ತಿರ ಇನ್ನೇನು ಕೇಳುವುದು? ಬ್ಯಾರಿಯವರು ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ.

ಮರುದಿನ ಹತ್ತು ಗಂಟೆಗೆ ತೊಳೆಯುವ ಕೋಣೆಗೆ ಬಂದರು. ಬೆಂಚಿನ ಮೇಲೆ ಮಡಚಿಟ್ಟಿದ್ದ ಪೇಪರುಗಳ ಕಟ್ಟನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿದರು.

“ಒಳ್ಳೆದಾಯ್ತು ಬಾಯಮ್ಮ, ಹೇಳಿದ್ದು. ಓದಲಿಕ್ಕೆ ಬಾರದವರಿಗೆ ಇಷ್ಟು ದಿನ ಕಷ್ಟ ಕೊಟ್ಟೆ. ಇನ್ನು ನಾನೇ ಓದಿಕೊಳ್ತೇನೆ.”

ಅದು ಅವರು ನನಗೆ ಹೇಳಿದ ಕೊನೆಯ ಮಾತು. ಮತ್ತೆ ಹತ್ತು ದಿನ ಅದೇ ಕಟ್ಟಡದಲ್ಲಿ ಇದ್ದರು, ಎದುರು ಸಿಕ್ಕಿದರೆ ದಾಟಿ ಹೋಗುತ್ತಿದ್ದರು. ಅವರ ವೀಸಾ ರದ್ದಾಯಿತು. ನಿರ್ಲಕ್ಷ್ಯ ಎಂದು ಕಾಗದದಲ್ಲಿ ಬರೆದು ಕಳಿಸಿದರು. ಆ ಕಾಗದ ಹಿಡಿದವರನ್ನು ಬೇರೆ ಲ್ಯಾಬಿನವರು ಒಳಗೆ ಬಿಡುವುದಿಲ್ಲ. ಊರಿನಲ್ಲಿ ತಮ್ಮನ ಒಣಮೀನಿನ ಅಂಗಡಿಯಲ್ಲಿ ಕೂತರಂತೆ. ಎರಡು ಸಲ ಫೋನು ಮಾಡಿದೆ. ಎತ್ತಲಿಲ್ಲ. ಕ್ಷಮಿಸಿದರು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಕ್ಷಮಿಸಲಿಲ್ಲ. ಹೋದ ತಿಂಗಳು ಎದೆ ಹಿಡಿದುಕೊಂಡು ಹೋದರು. ಕೆಂಪು ತಳಿಯನ್ನು ಮತ್ತೆ ಮಾಡಲಿಕ್ಕೆ ಯಾರಿಗೂ ಆಗಲಿಲ್ಲ. ಕಂಪನಿ ಆ ವಿಭಾಗವನ್ನೇ ಮುಚ್ಚಿತು. ನನ್ನ ಕಾಗದಕ್ಕೆ ಮಾತ್ರ ಸಹಿ ಬಿತ್ತು.

ಸಭೆ ಮುಗಿದ ಮೇಲೆ ದೊಡ್ಡ ಡಾಕ್ಟ್ರು ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

“ಹೇಗಿದ್ದೀರಿ ಬಾಯಮ್ಮ? ಮೊಮ್ಮಗು ದೊಡ್ಡದಾಯ್ತಾ?”

“ದೊಡ್ಡದಾಯ್ತು. ಡಾಕ್ಟ್ರೇ, ಆ ತಪ್ಪು ನೀವು ಮತ್ತು ನಾನು ಸೇರಿ ಮಾಡಿದ್ದು. ಮೈಕಿನಲ್ಲಿ ಅವರದ್ದು ಅಂದ್ರಿ.”

“ಹಳೇ ಮಾತು ಯಾಕೆ ಈಗ? ಅವರೂ ಇಲ್ಲ. ಊಟ ಮಾಡಿ.”

“ಅವರಿಲ್ಲ ಅಂತ್ಲೇ ಹೇಳಿದ್ರಿ ನೀವು. ಇರುವಾಗ ಹೇಳಿದ್ದಿದ್ರೆ ನಿಮ್ಮ ಮುಖಕ್ಕೆ ಬಿರಿಯಾನಿ ಬೀಳ್ತಿತ್ತು.”

ಸುತ್ತ ಇದ್ದ ನಾಲ್ಕು ಜನ ಬೇರೆ ಕಡೆ ನೋಡಿದರು. ಡಾಕ್ಟ್ರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಫೋನು ಬಂದಿರಲಿಲ್ಲ.

ಇಷ್ಟನ್ನು ಬರೆದು ಕಾರ್ಯದರ್ಶಿಗೆ ಕಳಿಸಿದೆ. ನಿನ್ನೆ ಫೋನು ಮಾಡಿದರು. ಒಳ್ಳೆಯವರು, ನನ್ನ ಮಗನ ಪ್ರಾಯ. “ಬಾಯಮ್ಮ, ಚಂದ ಬರೆದಿದ್ದೀರಿ. ಆ ವಿಚಾರಣೆಯ ಭಾಗ ಒಂದು ತೆಗೆಯುವನಾ? ಡಾಕ್ಟ್ರ ವಿಷಯ ಬಿಡಿ, ನಿಮ್ಮದೇ ಹೆಸರು ಕೆಡ್ತದಲ್ಲ.”

“ಕೆಡಲಿ,” ಅಂದೆ. “ಯಾರಾದ್ರೂ ಬಂದು ಕೇಳಿದ್ರೆ ಉತ್ತರ ಕೊಡಲಿಕ್ಕೆ ನಾನು ಬದುಕಿದ್ದೇನೆ. ಅವರ ಮಗಳು ಇದನ್ನು ಓದಬೇಕು. ಒಂದು ಸಾಲು ತೆಗೆದ್ರೂ ಪೂರ್ತಿ ತೆಗೀರಿ.”

ಆ ಕಡೆಯಿಂದ ಕಾಗದ ಮಗುಚುವ ಸದ್ದು ಬಂತು. ಆಮೇಲೆ, “ಮಗಳ ಅಡ್ರೆಸ್ ಉಂಟಾ ನಿಮ್ಮ ಹತ್ತಿರ?” ಎಂದು ಕೇಳಿದರು.

ಉಂಟು ಅಂದೆ. ಬರೆದುಕೊಳ್ಳಿ ಅಂದೆ.